ಕುರ್ಚಿಯಿಂದ ಏಳುವಾಗಿನ ಮಾತು

ನಲವತ್ತು ವರ್ಷ ಕತ್ತರಿ ಆಡಿಸಿದ ಕೈ. ಕ್ಷೌರದಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಮುದುಕನಿಗೆ ಹೊಸ ಉದ್ಯೋಗವೊಂದು ಗಂಟುಬಿತ್ತು: ದಿನಾ ಸಂಜೆ ಸೊಸೆಯ ಮುಂದೆ ಕಾಯಿಲೆ ಬೀಳುವುದು.

ಸೊಸೆ ಹೊರದೇಶದಲ್ಲಿ ಓದಿದ ಡಾಕ್ಟರು. ಇಲ್ಲಿ ರೋಗಿಯ ಮೈ ಮುಟ್ಟಬೇಕಾದರೆ ಇಲ್ಲಿನ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಕೋಣೆಗೊಬ್ಬ ನಟ ರೋಗಿಯ ವೇಷದಲ್ಲಿ ಕೂತಿರುತ್ತಾನೆ, ಮೂಲೆಯಲ್ಲಿ ಪರೀಕ್ಷಕರು, ಎಂಟು ನಿಮಿಷಕ್ಕೆ ಗಂಟೆ. ಸೊಸೆ ಎರಡು ಸಲ ಫೇಲಾಗಿದ್ದಳು. ಮೂರನೆಯದೇ ಕೊನೆಯ ಅವಕಾಶ. ಎರಡು ಸಲವೂ ಒಂದೇ ಟಿಪ್ಪಣಿ: ಚಿಕಿತ್ಸೆ ಸರಿ, ರೋಗಿಯ ಮಾತು ಪೂರ್ತಿ ಕೇಳಲಿಲ್ಲ. ಅದಕ್ಕೇ ಮನೆಯಲ್ಲಿ ಮಾವನೇ ರೋಗಿಯ ವೇಷ ಹಾಕಿ ಅಭ್ಯಾಸ ಮಾಡಿಸುತ್ತಿದ್ದ.

ಒಂದು ಸಂಜೆ ಮುದುಕನಿಗೆ ಹೊಟ್ಟೆನೋವು. ಸೊಸೆ ಪಟಪಟನೆ ಪ್ರಶ್ನೆ ಕೇಳಿ, ಹೊಟ್ಟೆ ಒತ್ತಿ, ಔಷಧಿ ಹೇಳಿ ಮುಗಿಸಿದಳು. ಎಂಟು ನಿಮಿಷ ಮುಗಿಯಿತೆಂದು ಅಡುಗೆಮನೆಯಿಂದ ಅತ್ತೆ ಸೌಟಿನಲ್ಲಿ ತಟ್ಟೆ ಬಾರಿಸಿದಳು. ಮುದುಕ ಎದ್ದು ಅಂಗಿ ಕೊಡವಿಕೊಳ್ಳುತ್ತ, “ಅಂದಹಾಗೆ, ನಿನ್ನೆ ರಕ್ತ ವಾಂತಿ ಆಯ್ತಮ್ಮ” ಎಂದ.

“ಮೊದಲೇ ಹೇಳೋಕೇನಾಗಿತ್ತು ಮಾವ?”

“ನೀನು ಕೇಳಿದ್ಯಾ?”

“ಇಪ್ಪತ್ತು ಪ್ರಶ್ನೆ ಕೇಳಿದ್ನಲ್ಲ!”

“ಅವೆಲ್ಲ ನಿನ್ನ ಪ್ರಶ್ನೆ ತಾಯಿ. ಗಿರಾಕಿ ಕುರ್ಚೀಲಿ ಇರೋವರೆಗೂ ಊರ ಸುದ್ದಿ ಹೇಳ್ತಾನೆ. ಎದ್ದು ಕೂದಲು ಕೊಡವ್ಕೊಳ್ಳೋವಾಗ, ಹೆಂಡ್ತಿ ತವರಿಗೆ ಹೋದ್ಲು ಅಂತ ಬಾಯಿ ಬಿಡ್ತಾನೆ. ಅದಕ್ಕೇ ನಾನು ಕೊರಳಿನ ಬಟ್ಟೆ ಬಿಚ್ಚೋ ಮುಂಚೆ ಕತ್ತರಿ ಕೆಳಗಿಟ್ಟು, ಇನ್ನೇನಾದ್ರೂ ಇದೆಯಾ ಅಂತ ಕೇಳಿ ಸುಮ್ಮನೆ ನಿಲ್ತಿದ್ದೆ.”

“ಹಾಗೆ ನಿಂತೂ ನಿಂತೂ ದಿನಕ್ಕೆ ನಾಲ್ಕು ತಲೆ ಮುಗೀತಿರ್ಲಿಲ್ಲ” ಎಂದು ಅತ್ತೆ ಒಗ್ಗರಣೆ ಹಾಕಿದಳು.

ಅಂದಿನಿಂದ ಮುದುಕ ದಿನಕ್ಕೊಂದು ಗುಟ್ಟು ಬಚ್ಚಿಟ್ಟ. ಸೊಸೆ ಕೊನೆಯ ನಿಮಿಷಕ್ಕೆ ಪೆನ್ನು ಕೆಳಗಿಡುವುದನ್ನು ಕಲಿತಳು.

ಪರೀಕ್ಷೆಯ ದಿನ ಮುದುಕ ಹೊರಗಿನ ಬೆಂಚಿನ ಮೇಲೆ ಕಾದು ಕೂತಿದ್ದ. ಸೊಸೆ ಕೆಂಪೇರಿದ ಮುಖ ಹೊತ್ತು ಬಂದಳು.

“ಮಾನ ಹೋಯ್ತು ಮಾವ. ಕೊನೇ ಕೋಣೇಲಿ ಎದೆನೋವಿನ ಅಜ್ಜ. ಪೆನ್ನು ಕೆಳಗಿಟ್ಟೆ, ಇನ್ನೇನಾದ್ರೂ ಹೇಳೋದಿದೆಯಾ ಮಾವ, ಅಂತ ಅವರಿಗೂ ಅಂದುಬಿಟ್ಟೆ! ಪರೀಕ್ಷಕರು ಕೆಮ್ಮಿದ್ರು.”

“ಆ ಮಾವ ಏನಂದ?”

“ನಗು ನುಂಗ್ಕೊಂಡು, ನಮ್ಮಣ್ಣನೂ ಹೀಗೇ ಎದೆ ಹಿಡ್ಕೊಂಡು ಹೋದ, ಅದೇ ಭಯ ಅಂದ್ರು.”

“ಕುರ್ಚಿ ಬಿಡೋ ಮುಂಚೇನೇ ಹೇಳಿದ್ನಾ?”

“ಹ್ಞೂಂ.”

“ಹಾಗಾದ್ರೆ ನಡಿ ಮನೆಗೆ. ಪಾಸು.”

ಮೂರು ವಾರಕ್ಕೆ ಫಲಿತಾಂಶದ ಹಾಳೆ ಬಂತು. ಪಾಸಾಗಿತ್ತು. ಕೊನೆಯ ಕೋಣೆಯ ಎದುರು ಬರೆದಿತ್ತು: ರೋಗಿಯ ಮಾತು ಪೂರ್ತಿ ಕೇಳಿದರು, ಸಲಿಗೆ ಕೊಂಚ ಹೆಚ್ಚು. ಮುದುಕ ಅದನ್ನು ಅಂಗಡಿಗೆ ಒಯ್ದು, ಗಿರಾಕಿಗಳಿಗೆಲ್ಲ ಓದಿ ಹೇಳಿ ಬಂದ.

ಸಂಜೆ ನೋಡಿದರೆ ಎಂದಿನ ಕುರ್ಚಿಯಲ್ಲಿ ಹಾಜರು.

“ಪರೀಕ್ಷೆ ಮುಗೀತಲ್ಲ ಮಾವ?”

“ಇದು ನಿಜವಾದ ಮಂಡಿನೋವು ಕಣಮ್ಮ. ಎರಡು ತಿಂಗಳಾಯ್ತು.”

“ಅಯ್ಯೋ, ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಿನ್ನ ಪಾಠದಲ್ಲಿ ಮಂಡಿ ಬರ್ಲೇ ಇಲ್ಲವಲ್ಲ!”

ಸೊಸೆ ನಕ್ಕು, ಕೈ ತೊಳೆದು ಬಂದು, ಅವನ ಎದುರಿಗೆ ಕೂತಳು. ಅಡುಗೆಮನೆಯಲ್ಲಿ ಅತ್ತೆ ಈ ಸಲ ತಟ್ಟೆ ಬಾರಿಸಲಿಲ್ಲ.