ಕೊರೆದುಹೋದ ಸ್ಕ್ಯಾನ್ ಹಾಳೆ

ಬೆನ್ನುಮೂಳೆಯ ಆಪರೇಷನ್ ಕೆಟ್ಟರೆ, ಅದು ಯಾರಿಂದ ಕೆಟ್ಟಿತು ಎಂದು ತೋರಿಸಿಕೊಡಬೇಕಾದವನು ಹಾಸಿಗೆ ಹಿಡಿದ ರೋಗಿ. ಚಾಕು ಹಿಡಿದವರಲ್ಲ.

ನಮ್ಮ ಬೀದಿಯ ಬೋರ್ಡಣ್ಣನಿಗೆ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಏಣಿಯ ಮೇಲೆ ನಿಂತು ಅಂಗಡಿಗಳ ಹೆಸರು ಬರೆದವನು, ಲಾರಿಗಳಿಗೆ ನಂಬರ್ ಹಾಕಿದವನು. ಸೊಂಟನೋವು ಕಾಲಿಗಿಳಿದಾಗ ಸ್ಕ್ಯಾನ್ ಆಯಿತು, ಆಪರೇಷನ್ನೂ ಆಯಿತು. ಅಲ್ಲಿಯವರೆಗೆ ಬರೀ ನೋಯುತ್ತಿದ್ದ ಬಲಗಾಲು ಆಮೇಲೆ ಪಾದ ಮೇಲೇಳದೆ ನೆಲಕ್ಕೆ ಎಳೆಯತೊಡಗಿತು. "ಮೂರು ತಿಂಗಳು ತಾಳಿ, ನೀವೇ ಏಣಿ ಹತ್ತುತ್ತೀರಿ" ಎಂದರು ಡಾಕ್ಟರ್.

ನಂಬಿದ. ಹಾಸಿಗೆಯಲ್ಲೇ ಕೂತು, ಏಣಿ ಹತ್ತುವ ದಿನಕ್ಕೆಂದು, ಮೇಲಿಟ್ಟು ಬಣ್ಣ ಬಳಿಯುವ ಅಂಕಿಗಳ ತೂತಿನ ಅಚ್ಚು ಕೊರೆಯತೊಡಗಿದ. ಆ ಕಸುಬಿನವರಿಗೆ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಹಾಳೆ ಎಂದರೆ ಚಿನ್ನ. ಬಣ್ಣ ಹೀರುವುದಿಲ್ಲ, ಅಂಚು ಮುದುಡುವುದಿಲ್ಲ. ಕೈಗೆ ಸಿಕ್ಕಿದ್ದು ಆಪರೇಷನ್‌ಗೆ ಮುಂಚೆ ತೆಗೆದ, ಮನೆಗೆ ಕಳಿಸುವಾಗ ಆಸ್ಪತ್ರೆಯವರು ಕೊಟ್ಟ ತನ್ನದೇ ಹಾಳೆ.

"ಆಸ್ಪತ್ರೆದು ಅದು, ಕತ್ತರಿ ಹಾಕ್ಬೇಡಿ" ಎಂದಳು ಹೆಂಡತಿ.

"ಆಪರೇಷನ್ ಮುಗೀತಲ್ಲೇ. ಬಸ್ ಇಳಿದ್ಮೇಲೆ ಟಿಕೆಟ್ ಯಾರಾದ್ರೂ ಜೋಪಾನ ಮಾಡ್ತಾರಾ?"

ಏಳು ತಿಂಗಳಾದರೂ ಪಾದ ಮೇಲೇಳಲಿಲ್ಲ. ಬೇರೊಬ್ಬ ಡಾಕ್ಟರ್ ಹೊಸ ಸ್ಕ್ಯಾನ್ ನೋಡಿ ತಡವರಿಸಿಕೊಂಡು ಹೇಳಿದರು: ನರ ಒತ್ತಿಹೋಗಿರುವುದು ಕೆಳಗಿನ ಮೂಳೆಯ ಹತ್ತಿರ, ಕುಯ್ದಿರುವುದು ಅದರ ಮೇಲಿನ ಜಾಗ. ದೂರು ಕೊಟ್ಟರೆ ಆಸ್ಪತ್ರೆಯ ಉತ್ತರ ಸಿದ್ಧವಾಗಿತ್ತು: ಆಗ ಕೆಟ್ಟಿದ್ದುದು ಮೇಲಿನದೇ, ಕೆಳಗಿನದು ಆಮೇಲೆ ಬಂದದ್ದು. ಹಳೆಯ ಸ್ಕ್ಯಾನ್? ರೋಗಿಯ ಕೈಗೆ ಕೊಟ್ಟಿದ್ದೇವೆ, ಸಹಿ ಇದೆ. ಸ್ಕ್ಯಾನ್ ಮಾಡಿದ ಕಡೆ ಕಂಪ್ಯೂಟರಿನಿಂದ ಅಳಿಸಿಯಾಗಿತ್ತು.

ವಕೀಲೆಯ ಮೇಜಿನ ಮೇಲೆ ಹೆಂಡತಿ ಅಚ್ಚುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಸೊಂಟದ ಮೂಳೆ ಇರಬೇಕಾದ ಕಡೆ ಒಂದು ಎಂಟು, ಒಂದು ಸೊನ್ನೆ. ಬರೀ ತೂತು.

"ಕೊರೆದು ತೆಗೆದ ಚೂರುಗಳು?" ಎಂದರು ವಕೀಲೆ.

"ಗುಡಿಸಿ ಬಿಸಾಕಿದ್ದು ನಾನೇ ಮೇಡಂ."

ಬೋರ್ಡಣ್ಣ ಅವಳ ಕೈ ಹಿಡಿದ. "ಕೊರೆದದ್ದು ನಾನು ಕಣೆ, ನೀನ್ಯಾಕೆ ಅಳ್ತೀಯ? ಎಂಟು ಎಷ್ಟು ದುಂಡಗೆ ಬಂದಿದೆ ನೋಡು."

ಪುರಾವೆ ಸಾಲದೆಂದು ದೂರು ವಜಾ ಆಯಿತು. ಏಣಿಯನ್ನು ಪಕ್ಕದ ಮನೆಯವರು ಒಯ್ದರು.

ದಡ್ಡ ಎಂದಿರಾ? ಹಾಳೆ ಕೈಗಿಟ್ಟಾಗ "ಇದೇ ನಿಮ್ಮ ಸಾಕ್ಷಿ" ಎಂದು ಅಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ನಕಲು ಇಟ್ಟುಕೊಳ್ಳುವಷ್ಟು ಜಾಗ ಅಷ್ಟು ದೊಡ್ಡ ಕಟ್ಟಡದಲ್ಲಿ ಇರಲಿಲ್ಲವೇ?

ನಿಮ್ಮವರು ಯಾರಾದರೂ ಆಪರೇಷನ್ ಆಗಿ ಮಲಗಿದ್ದರೆ ಈ ಪತ್ರಿಕೆ ಕೆಳಗಿಟ್ಟು ಇವತ್ತೇ ಹೋಗಿ. ಏನು ಕೆಟ್ಟಿತ್ತು, ಎಲ್ಲಿ ಕುಯ್ದರು ಎಂಬ ದಾಖಲೆಯ ನಕಲನ್ನು ಬರೆದುಕೊಟ್ಟು ಕೇಳಿ. ಅದು ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.