ಹುತ್ತಕ್ಕೆ ಕೈ

ದಿನಕ್ಕೊಮ್ಮೆಯಾದರೂ ಹನುಮವ್ವನ ಬಾಯಲ್ಲಿ ಆ ಮಾತು ಬರಲೇಬೇಕು: "ಹುತ್ತಕ್ಕ ಕೈ ಹಾಕಬ್ಯಾಡ." ನಾಸಿಕ್ ರೋಡಿನ ಕಟ್ಟಡದ ಸೈಟೊಂದರಲ್ಲಿ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಈ ಹೆಂಗಸು, ರಾಶಿಗೆ ಕೈಯಿಡುವ ಮೊದಲು ಕೋಲಿನಿಂದ ತಟ್ಟಿ ನೋಡುತ್ತಾಳೆ. ಉಳಿದವರು ನಗುತ್ತಾರೆ. ನಕ್ಕರೆ ನಗಲಿ, ಅವಳೇನೂ ಬಿಡುವವಳಲ್ಲ.

ಬೇರೆಯವರಿಗೆ ಅದು ಬರೀ ಬಾಯಿಮಾತು. ಗೆದ್ದಲು ಕಟ್ಟಿದ ಮನೆಗೆ ಹಾವು ಒಡೆಯ. ಹೊರಗೆ ನಿಂತವನಿಗೆ ಏನೂ ಕಾಣದು. ಕಣ್ಣು ಹೋಗದಲ್ಲಿ ಕೈ ಹಾಕುವ ಹುಂಬತನಕ್ಕೆ 'ಹುತ್ತಕ್ಕೆ ಕೈ ಹಾಕುವುದು' ಎಂಬ ಹೆಸರು ಬಂದದ್ದು ಅದಕ್ಕೇ. ಹನುಮವ್ವ ಮಾತ್ರ ಅದನ್ನು ಕಣ್ಣಾರೆ ಕಂಡವಳು. ಊರಲ್ಲಿ ಅವಳ ಅಣ್ಣ ಉಡ ಹಿಡಿಯುತ್ತೇನೆಂದು ಹುತ್ತದೊಳಗೆ ಮೊಳಕೈವರೆಗೆ ಕೈ ಬಿಟ್ಟಿದ್ದ. ಸಂಜೆಯೊಳಗೆ ಹೋಗಿಬಿಟ್ಟ.

ಕಳೆದ ವರ್ಷ ಸೈಟಿನ ನೆಲದೊಳಗಿನ ನೀರಿನ ಟಾಕಿಯ ಕಾಂಕ್ರೀಟಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಬೇಕಿತ್ತು. ವಾರಗಟ್ಟಲೆ ಮುಚ್ಚಿದ್ದ ಟಾಕಿ. ಹನುಮವ್ವನ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದ, ಅವಳ ಗಂಡನ ಗೆಳೆಯ ಮುತ್ತು ಇಳಿಯಲು ನಿಂತ.

"ಒಳಗ ಏನೈತೋ ಏನೋ. ಹುತ್ತಕ್ಕ ಕೈ ಹಾಕಬ್ಯಾಡಪಾ ಮುತ್ತು," ಎಂದಳು ಹನುಮವ್ವ.

"ಇಲ್ಲಿ ಹಾವು ಎಲ್ಲೈತಿ ಅಕ್ಕಾ?" ಎಂದು ನಗುತ್ತಲೇ ಇಳಿದ. ಅವಳ ತಲೆ ಮೇಲೆ ಇಟ್ಟಿಗೆಯಿತ್ತು. ಮುಂದೆ ನಡೆದಳು.

ಹಾವಿರಲಿಲ್ಲ, ಉಸಿರುಗಟ್ಟಿಸುವ ಕೆಟ್ಟ ಗಾಳಿಯಿತ್ತು. ಎಷ್ಟು ಕರೆದರೂ ಮುತ್ತು ಓಗೊಡಲಿಲ್ಲ. ಹನುಮವ್ವನ ಗಂಡ ಕಾಶೀನಾಥ ಅವನ ಹೆಸರು ಕೂಗುತ್ತ ಟಾಕಿಯೊಳಗೆ ಇಳಿಯಲು ಒಂದು ಕಾಲಿಟ್ಟ. ಅವಳು ಇಟ್ಟಿಗೆ ಚೆಲ್ಲಿ ಓಡಿಬಂದು ಗಂಡನ ಅಂಗಿ ಹಿಡಿದಳು. ಅವನು ಬೈದ, ಹೊಡೆದ. ಅವಳು ಬಿಡಲಿಲ್ಲ. ಅಗ್ನಿಶಾಮಕದವರು ಬಂದು ಮೇಲೆತ್ತಿದಾಗ ಮುತ್ತುವಿನಲ್ಲಿ ಜೀವವಿರಲಿಲ್ಲ.

ಅಂದಿನಿಂದ ಕಾಶೀನಾಥ ಹೆಂಡತಿಯ ಮುಖ ನೋಡಿ ಮಾತಾಡಿದ್ದು ಕಡಿಮೆ. ಗೆಳೆಯನನ್ನು ಸಾಯಲು ಬಿಟ್ಟೆನೆಂಬ ಕೊರಗು ಅವನದು. ಹನುಮವ್ವನಿಗೂ ಮುತ್ತುವಿನ ಹೆಂಡತಿ ಚನಬಸವ್ವನ ಎದುರು ತಲೆ ಎತ್ತಲಾಗಲಿಲ್ಲ.

ಈ ಸಲದ ಪಂಚಮಿಗೆ ಸೈಟಿನಾಚೆಯ ಬೇವಿನ ಮರದಡಿ ಹುತ್ತಕ್ಕೆ ಹಾಲೆರೆಯಲು ಹನುಮವ್ವ, ಚನಬಸವ್ವ ಇಬ್ಬರೂ ಬಂದರು. ಮನೆಯವರೊಬ್ಬೊಬ್ಬರ ಪಾಲು ಹೇಳಿ ಎರೆಯುವುದು ರೂಢಿ. "ಅಪ್ಪನ ಪಾಲು, ಅವ್ವನ ಪಾಲು," ಎನ್ನುತ್ತಿದ್ದ ಚನಬಸವ್ವ, "ನಮ್ಮ ಮನಿಯವರ ಪಾಲು," ಎಂದು ತಡೆದು ನಿಂತಳು. ಆಮೇಲೆ ಹನುಮವ್ವನ ಕೈ ಹಿಡಿದಳು.

"ಯಕ್ಕಾ, ನೀ ಅಂಗಿ ಹಿಡದಿ, ನಿನ್ನ ಗಂಡ ಉಳದ. ಅದೇನು ತಪ್ಪಲ್ಲ. ನಾ ಅಲ್ಲಿದ್ದಿದ್ರ ನಾನೂ ನಮ್ಮವರ ಅಂಗಿ ಹಿಡೀತಿದ್ದೆ."

ಮುತ್ತು ಇಳಿಯುವಾಗ ಹನುಮವ್ವ ಅಲ್ಲೇ ಇದ್ದಳಲ್ಲ. ಅವನಿಗೆ ಮಾತು ಹೇಳಿದ್ದಳು, ಅವನ ಅಂಗಿ ಹಿಡಿದಿರಲಿಲ್ಲ.