ಎರಡನೆಯ ಮೂಲೆಯೂ ಒಡೆದ ಮೇಲೆ

ದೂರದೂರಿನಿಂದ ಬರುವ ರಟ್ಟಿನ ಡಬ್ಬಿಗಳ ಮೇಲೆ ಗಾಜಿನ ಲೋಟದ ಚಿತ್ರವೊಂದು ಅಚ್ಚಾಗಿರುವುದನ್ನು ನೀವೂ ಕಂಡಿರಬಹುದು. ‘ಒಳಗಿರುವುದು ನಾಜೂಕು, ಮೆಲ್ಲಗೆ ಇಳಿಸಿ’ ಎಂಬುದು ಅದರ ವಿನಂತಿ. ಆದರೆ ನಮ್ಮ ಸೇಡಂನಲ್ಲಿ ಪಾರ್ಸಲ್ ಗಾಡಿ ಬಂದು ನಿಂತಾಗ ಡಬ್ಬಿ ಇಳಿಸುವವರ ಹುರುಪನ್ನು ನೋಡಿದರೆ, ‘ಇದನ್ನು ಎಸೆದರೆ ಒಳ್ಳೆಯ ಸದ್ದು ಬರುತ್ತದೆ’ ಎಂದೇ ಅವರೆಲ್ಲ ಆ ಚಿತ್ರವನ್ನು ಅರ್ಥೈಸಿಕೊಂಡಿದ್ದಾರೇನೋ ಅನ್ನಿಸುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಒಂದೇ ಪಠ್ಯಕ್ಕೆ ಹಲವು ಅರ್ಥಗಳುಂಟೆಂದು ಮಕ್ಕಳಿಗೆ ಬೋಧಿಸುತ್ತ ಬಂದವನು. ಆ ತತ್ತ್ವ ನಮ್ಮ ಮನೆಯ ಪಾರ್ಸಲ್ಲಿಗೇ ಅನ್ವಯವಾದಾಗ ಮಾತ್ರ ಸಹಿಸಲಾಗಲಿಲ್ಲ.

ಪಾರ್ಸಲ್ ನನ್ನ ಹೆಂಡತಿ ಕಾಶೀಬಾಯಿಯದು. ಊರಿನ ಹಳೆಯ ಮುದ್ರಣದಂಗಡಿಯಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆಗಳ ಅಕ್ಷರ ಜೋಡಿಸಿದ ಅವಳು ಈಚೆಗೆ ತನ್ನದೇ ಪುಟ್ಟ ಅಂಗಡಿ ತೆರೆದಿದ್ದಳು. ಕಂಪ್ಯೂಟರಿನ ಉಳಿದ ಭಾಗಗಳನ್ನು ಕಲಬುರಗಿಯಿಂದ ತಂದಾಗಿತ್ತು. ಮದರ್‌ಬೋರ್ಡ್ ಮಾತ್ರ ಅಲ್ಲಿ ಸಿಗದೆ ಆನ್‌ಲೈನಿನಲ್ಲಿ ತರಿಸಿದಳು. ಎಲ್ಲ ಭಾಗಗಳೂ ಬಂದು ಕೂಡಿಕೊಳ್ಳುವ ಹಲಗೆ ಅದು. ಅದಕ್ಕೆ ತಾಯಿಯ ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಡಬ್ಬಿ ಬಿಚ್ಚಿದರೆ ಆ ತಾಯಿಯ ಒಂದು ಮೂಲೆ ಬಿರಿದುಹೋಗಿತ್ತು.

ಮಾರಿದವರು ‘ವಾರಂಟಿ ಕಂಪನಿಯದು’ ಎಂದರು. ಕಂಪನಿಯವರು ‘ದಾರಿಯಲ್ಲಿ ಒಡೆದರೆ ಕೊರಿಯರಿನವರನ್ನು ಕೇಳಿ’ ಎಂದರು. ಕೊರಿಯರಿನವರು ‘ಡಬ್ಬಿಯ ಮೇಲೆ ಗೀರೂ ಇಲ್ಲ, ಮಾರಿದವರನ್ನೇ ಕೇಳಿ’ ಎಂದರು. ಇನ್ನು ಭಾಷೆಯೇ ಗತಿ ಎಂದುಕೊಂಡು ನಾನು ಕಣಕ್ಕಿಳಿದೆ. ‘ಮಾನ್ಯರೇ, ತಮ್ಮ ಉಪೇಕ್ಷೆಯಿಂದ ಮಾತೃಫಲಕವು ಭಗ್ನಗೊಂಡು, ನಾವು ಭಗ್ನಮನೋರಥರಾಗಿದ್ದೇವೆ’ ಎಂದು ಆರಂಭಿಸಿ ಪುಟ ತುಂಬ ಬರೆದ ಇಮೇಲಿಗೆ ಮರುಕ್ಷಣವೇ ಉತ್ತರ ಬಂತು: ‘ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಕಂಪ್ಯೂಟರನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಿ ನೋಡಿ.’ ಇಷ್ಟು ಶೀಘ್ರವಾಗಿ, ಇಷ್ಟು ನಿರ್ಲಿಪ್ತವಾಗಿ ನನ್ನ ಗದ್ಯವನ್ನು ಯಾವ ವಿಮರ್ಶಕನೂ ತಳ್ಳಿಹಾಕಿರಲಿಲ್ಲ.

ನಗುವಂತಿರಲಿಲ್ಲ. ಸುಲೇಪೇಟದ ಒಂದು ಮನೆಯವರು ಮಗಳ ಮದುವೆಯ ಪತ್ರಿಕೆಗಳನ್ನು ಕಾಶೀಬಾಯಿಗೇ ಒಪ್ಪಿಸಿದ್ದರು. ಹೊಸ ಅಂಗಡಿಗೆ ಬಂದ ಮೊದಲ ದೊಡ್ಡ ಕೆಲಸವದು. ಸ್ವಲ್ಪ ಹೊತ್ತು ಕಂಪ್ಯೂಟರ್ ಬಳಸಲು ಕೊಟ್ಟಾರೇ ಎಂದು ಕೇಳಲು ನಾವಿಬ್ಬರೂ ಅವಳ ಹಳೆಯ ಅಂಗಡಿಗೆ ಹೋದೆವು. ಮಾಲೀಕರು ಚಹಾ ತರಿಸಿದರು, ಉಪದೇಶವನ್ನೂ ಕೊಟ್ಟರು.

“ಸ್ವಂತ ಅಂಗಡಿ ಅಂದ್ರ ಹುಡುಗಾಟ ಏನ್ರೀ ಬಾಯಿ? ನಾ ಅವತ್ತೇ ಹೇಳಿದ್ದೆ. ಆ ಸುಲೇಪೇಟದ ಕೆಲಸ ನನಗ ಬಿಟ್ಟುಬಿಡ್ರಿ. ನೀವು ಮೊದಲಿನಂಗ ಇಲ್ಲೇ ಬಂದು ಕುಂದ್ರಿ.”

“ವಿಚಾರ ಮಾಡ್ತೀನ್ರಿ” ಎಂದು ಎದ್ದು ಬಂದಳು. ಅಂದು ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿರಬೇಕು.

ಅವಳ ಫೋನುಗಳ ಕಾಟ ತಾಳಲಾರದೆ ಕಡೆಗೆ ಕಂಪನಿಯವರು ಕೊರಿಯರಿನವರನ್ನು ಕಳಿಸಿ ಬೋರ್ಡನ್ನು ಪರೀಕ್ಷೆಗೆ ತರಿಸಿಕೊಂಡರು. ಫಲಿತಾಂಶವಾಗಿ ಒಂದು ಫೋಟೋ ಬಂತು: ಬಿರಿದ ಮೂಲೆಯ ಸುತ್ತ ಕೆಂಪು ವೃತ್ತ, ಕೆಳಗೆ ‘ಭೌತಿಕ ಹಾನಿ, ಗ್ರಾಹಕರ ಅಜಾಗರೂಕತೆ, ವಾರಂಟಿ ಅನ್ವಯಿಸದು’ ಎಂಬ ತೀರ್ಪು. ಹಿಂದೆಯೇ ಬೋರ್ಡೂ ವಾಪಸು ಬಂತು.

“ಸಹಿ ಮಾಡ್ರಿ ಬಾಯಿ” ಎಂದ ಕೊರಿಯರಿನವನು.

“ತಡಿ ತಮ್ಮಾ, ನಿನ್ನ ಎದುರಿಗೇ ಬಿಚ್ತೀನಿ. ಏನ್ರೀ, ನೀವು ವಿಡಿಯೋ ಹಿಡೀರಿ” ಎಂದಳು ನನಗೆ.

ಕಂಪನಿಯ ಸೀಲು ಒಡೆದು, ಕಾಗದ ಸರಿಸಿ ನೋಡಿದರೆ ಎದುರಿನ ಮೂಲೆಯೂ ಮುರಿದಿತ್ತು. “ಇನ್ನ ಇದನ್ನ ಬಿಟ್ಟುಬಿಡೋಣು” ಎಂದೆ.

ಕಾಶೀಬಾಯಿಯ ಮುಖ ಮಾತ್ರ ಅರಳಿತ್ತು. “ಬಿಡೋದೇನ್ರಿ? ಈಗ ನಾವು ಗೆದ್ದೀವಿ! ನಡೀರಿ ಕಲಬುರಗಿಗಿ.”

ಕಲಬುರಗಿಯ ಸರ್ವಿಸ್ ಸೆಂಟರಿನ ಮ್ಯಾನೇಜರು ಸಭ್ಯರು. “ಮೇಡಂ, ಕೇಸ್ ಬಂದ್ ಆಗ್ಯದ್ರಿ” ಎಂದರು.

ಅವಳು ಫೋಟೋ ತೋರಿಸಿದಳು. “ಇದು ನಿಮ್ಮವರೇ ತೆಗೆದಿದ್ದು ಹೌದಿಲ್ಲ? ಎಷ್ಟು ಮೂಲಿ ಒಡೆದಾವ ನೋಡ್ರಿ.”

“ಒಂದೇ ಅದ್ರಿ.”

ಅವಳು ಬೋರ್ಡನ್ನು ಮೇಜಿನ ಮೇಲಿಟ್ಟು, ವಿಡಿಯೋ ಹಚ್ಚಿದಳು. “ಈಗ ಎರಡಾಗ್ಯಾವ. ಸೀಲು ನಿಮ್ದು, ಡಬ್ಬಿ ನಿಮ್ದು, ಬಿಚ್ಚಿದ್ದು ಕೊರಿಯರಿನವನ ಎದುರಿಗೆ. ಈ ಮೂಲಿ ಸೈತ ನಾವೇ ಒಡದೀವಿ ಅಂತೀರೇನು? ಬರೋ ಹಾದ್ಯಾಗ ಈಗ ಒಡೆದಿದ್ದು, ಮೊದಲನೇ ಸಲ ಯಾಕ ಒಡೆದಿರಬಾರದ್ರಿ?”

ಮ್ಯಾನೇಜರು ಫೋಟೋ ನೋಡಿದರು, ಬೋರ್ಡು ನೋಡಿದರು, ಮತ್ತೆ ಫೋಟೋ ನೋಡಿದರು. ತರ್ಕಶಾಸ್ತ್ರದ ದೊಡ್ಡ ದೊಡ್ಡ ಶಬ್ದಗಳನ್ನು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಟ್ಟುಕೊಂಡು ನಾನು ಮುಂದೆ ಬಾಗಿದೆ. “ನೀವು ಸುಮ್ನ ಕುಂದ್ರಿ” ಎಂದಳು. ಕುಳಿತೆ. ಮ್ಯಾನೇಜರು ಒಳಗೆ ಹೋಗಿ ಯಾರಿಗೋ ಫೋನು ಮಾಡಿದರು. ಗಾಜಿನ ಬಾಗಿಲಾಚೆ ಕೈ ಬೀಸಿ ಬೀಸಿ ವಾದಿಸುತ್ತಿದ್ದರು. ಆ ಕೈಬೀಸು ನಮ್ಮ ಪರವಾಗಿಯೇ ಇತ್ತೆಂಬುದು ಹೊರಗೆ ಬಂದ ಮೇಲೆ ತಿಳಿಯಿತು.

“ಹೊಸಾದು ಕೊಡ್ಲಿಕ್ಕೆ ಒಪ್ಪ್ಯಾರ್ರೀ ಮೇಡಂ. ಮನಿಗೇ ಕಳಿಸ್ತೀವಿ.”

“ಭಾಳ ಉಪಕಾರ ಆಯ್ತ್ರಿ. ಆದ್ರ ಕಳಿಸಬ್ಯಾಡ್ರಿ, ನಾನೇ ಬಂದು ಒಯ್ತೀನಿ.”

ಹೊಸ ಬೋರ್ಡು ಬಂದ ದಿನ ಅದು ಕಲಬುರಗಿಯಿಂದ ಸೇಡಂವರೆಗೆ ಬಸ್ಸಿನಲ್ಲಿ ಅವಳ ತೊಡೆಯ ಮೇಲೆಯೇ ಬಂತು. ಕಂಡಕ್ಟರು ‘ಮ್ಯಾಲೆ ಇಡ್ರಿ’ ಎಂದದ್ದು ಅವಳಿಗೆ ಕೇಳಿಸಲೇ ಇಲ್ಲ. ದಾರಿಯ ಗುಂಡಿಗಳನ್ನೆಲ್ಲ ಅವಳೇ ನುಂಗಿಕೊಂಡಳು. ನನ್ನ ಹೆಂಡತಿಯ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಪುಟಗಟ್ಟಲೆ ಅಲಂಕಾರಗಳಿಂದ ನನಗೆ ಸಾಧಿಸಲಾಗದ್ದನ್ನು ಒಂದು ನೇರ ಪ್ರಶ್ನೆ ಸಾಧಿಸಿತ್ತು. ಅದರಿಂದ ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ನೀವು ನಂಬಬೇಕು.

ಕಂಪ್ಯೂಟರು ಬೆಳಗಿತು. ಅವಳು ಸುಲೇಪೇಟದ ಪತ್ರಿಕೆ ಜೋಡಿಸಿದಳು. ವರ, ವಧು, ಹಿರಿಯರು, ಮುಹೂರ್ತ, ಎಲ್ಲವೂ ಸಾಲಾಗಿ ನಿಂತವು. ಕರಡು ತಿದ್ದುವ ಅಧಿಕಾರ ನನಗಿತ್ತು. ತೀರ ಕೆಳಗೆ, ಅಂಚಿಗೆ ಒತ್ತಿಕೊಂಡು, ಹಳೆಯ ಅಂಗಡಿಯಲ್ಲಿ ಅವಳು ಜೋಡಿಸಿದ ಯಾವ ಪತ್ರಿಕೆಯಲ್ಲೂ ಇರದಿದ್ದ ಒಂದು ಸಾಲು ಕಂಡಿತು: ‘ಅಕ್ಷರ ಜೋಡಣೆ: ಕಾಶೀಬಾಯಿ, ಸೇಡಂ.’

“ಅಕ್ಷರ ಸ್ವಲ್ಪ ದೊಡ್ಡವಾದುವೇನೋ” ಎಂದೆ, ಪಂಡಿತನ ಗತ್ತಿನಲ್ಲಿ.

ಅವಳು ಪರದೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಅವನ್ನು ಇನ್ನಷ್ಟು ದೊಡ್ಡದಾಗಿಸಿದಳು.